ಹಾಸು ಇಲ್ಲದ ಓಣಿ

ಅಕ್ಕ ಸಾವಳಗಿಯಿಂದ ಬಂದು ಬಸ್ಸಿಳಿದವಳೇ, ರಬಕವಿಯ ಹಳೇ ಪೇಟೆಯೊಳಗೆ ನಡೆದುಕೊಂಡೇ ಮನೆಗೆ ಹೋಗೋಣ ಎಂದಳು. ಮಗಳ ಮನೆ ಸೇರಿದ ಮೇಲೆ ಅವಳು ಇತ್ತ ಬಂದಿರಲಿಲ್ಲ. ಕಣ್ಣು ಈಗ ಪೂರಾ ಮಬ್ಬು. ಬೇಗ ಶಾಲೆ ಬಿಟ್ಟ ನನಗೆ ನೇಯುವುದನ್ನು ಕಲಿಸಿದವಳು ಅವಳೇ, ನಮ್ಮ ಮನೆಯ ಕುಣಿಮಗ್ಗದಲ್ಲಿ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು. ಕಳೆದ ಬೇಸಿಗೆಯಲ್ಲಿ ನಾನು ಆ ಕುಣಿಗೆ ಕಲ್ಲುಮಣ್ಣು ತುಂಬಿಸಿ, ಸಿಮೆಂಟು ಬಳಿಸಿ, ಮೇಲೆ ಪಾವರ್‌ಲೂಮ್ ಕೂರಿಸಿದ್ದೆ. ಅವಳಿಗೆ ಹೇಳಿರಲಿಲ್ಲ.

"ಒಮ್ಮೆ ಕುಣ್ಯಾಗ ಕುಂದರಬೇಕಲೇ ತಮ್ಮಾ. ನೇಯಾಕ ಆಗೂದಿಲ್ಲ, ಸುಮ್ನ ಕುಂದರತೇನಿ."

ಸುತ್ತುದಾರಿ ಹಿಡಿದೆ. ನೂಲಿಗೆ ಬಣ್ಣ ಹಾಕುವವರ ಓಣಿ, ಗಟಾರದಲ್ಲಿ ನೀಲಿ ನೀರು. ಹಳೆಯ ಮನೆಗಳ ಕಟ್ಟಿಗೆಯ ಕಂಬಗಳನ್ನು ಅವಳು ಮುಟ್ಟುತ್ತ ನಡೆದಳು.

"ಈ ಕಟ್ಟಿ ಸಣ್ಣದಾಗೇತಲಾ?"

"ರಸ್ತಾ ಎತ್ತರ ಮಾಡ್ಯಾರಕ್ಕಾ."

"ಎಲ್ಲಾ ಎತ್ತರ ಆತು, ನಿನ್ನ ಬುದ್ಧಿ ಒಂದ ಅಷ್ಟ ಐತಿ" ಎಂದು ನಕ್ಕಳು.

ನಮ್ಮ ಓಣಿಯ ತುದಿಗೆ ಬಂದಾಗ ನಿಂತುಬಿಟ್ಟೆ.

"ಹಾಸು ಹೂಡ್ಯಾರಕ್ಕಾ, ಓಣಿ ತುಂಬ."

ಮಗ್ಗಕ್ಕೇರಿಸುವ ಮೊದಲು ಹಾಸಿನ ನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಾರೆ. ನಮ್ಮ ನೇಕಾರರ ಮನೆಗಳಲ್ಲಿ ಅದನ್ನು ಯಾರೂ ದಾಟುವುದಿಲ್ಲ. ಓಣಿ ಖಾಲಿಯಿತ್ತು. ಅಕ್ಕ ತಿರುಗಿ ಹೋಗುತ್ತಾಳೆ ಅಂದುಕೊಂಡಿದ್ದೆ.

ಅವಳು ಚಪ್ಪಲಿ ಬಿಟ್ಟು ಗೋಡೆಗೊರಗಿದಳು. "ಗಂಜಿ ಒಣಗಲಿ. ನಿಂದರೂಣು."

ನಿಂತೆವು. ಬಿಸಿಲು ಏರಿತು. ನನಗೆ ನಾಚಿಕೆಯೂ ಆಗಲಿಲ್ಲ, ಏನೂ ಆಗಲಿಲ್ಲ.

"ಯಾವ ಬಣ್ಣದ್ದು?"

"ಕೆಂಪು."

"ಛಲೋ ಇರತೈತಿ" ಎಂದಳು.

ಅಷ್ಟರಲ್ಲಿ ಓಣಿಯೊಳಗಿಂದ ಒಂದು ಬೈಕು ಹಾರ್ನ್ ಹೊಡೆಯುತ್ತ ನೇರ ಬಂದು ನಮ್ಮನ್ನು ದಾಟಿ ಹೋಯಿತು. ಅದರ ಸದ್ದು ಅಡಗುವವರೆಗೂ ಅಕ್ಕ ಕಿವಿಗೊಟ್ಟಳು.

"ಕುಣಿ ಮುಚ್ಚೀಯೇನು?"

"ಹೂಂ."

"ಹೇಳಿದ್ರ ನಾ ಏನು ಬ್ಯಾಡ ಅಂತಿದ್ನೇನು?"

ಅನ್ನುತ್ತಿರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು.

ಅವಳು ಚಪ್ಪಲಿ ಮೆಟ್ಟಿ, ಗೋಡೆ ಹಿಡಿದು ಒಬ್ಬಳೇ ಓಣಿಯೊಳಗೆ ನಡೆದಳು. ಒಂದೊಂದೇ ಬಾಗಿಲು ಮುಟ್ಟಿ ನೋಡುತ್ತಿದ್ದಳು. ನಮ್ಮ ಹಳೆಯ ಬಾಗಿಲು ಕಿತ್ತು ಕಬ್ಬಿಣದ್ದು ಹಾಕಿಸಿದ್ದನ್ನೂ ನಾನು ಹೇಳಿರಲಿಲ್ಲ. ನಮ್ಮ ಮನೆಯ ಮುಂದೆ ಬಂದಳು, ಬಾಗಿಲ ಮೇಲೆ ಕೈಯಿಟ್ಟಳು, ತೆಗೆದಳು, ಮುಂದಿನ ಮನೆಗೆ ಹೋದಳು.

ಕರೆಯಬೇಕಿತ್ತು. ಕರೆಯಲಿಲ್ಲ.