ಇಟಲಿಯಲ್ಲಿ ಉಂಡ ಮುದ್ದೆ

ದೊಡ್ಡಪ್ಪನ ಬಲಗೈ ಹೆಬ್ಬೆರಳು ಸದಾ ಸುಟ್ಟ ಹಾಗೆ ಕೆಂಪಗಿರುತ್ತಿತ್ತು. ಮುದ್ದೆ ಇನ್ನೂ ಹೊಗೆಯಾಡುತ್ತಿರುವಾಗಲೇ ಅದರ ನೆತ್ತಿಗೆ ಹೆಬ್ಬೆರಳು ಊರಿ, ಕುಳಿ ಮಾಡಿ, ಸಾರು ಹುಯ್ಯಿಸಿಕೊಳ್ಳುವವರು ಅವರು. "ಆರ್ದ್ರೆ ಅದು ಮುದ್ದೆ ಅಲ್ಲ ಕಣ್ಲಾ, ಮಣ್ಣೆಂಟೆ" ಅನ್ನುವರು. ದೊಡ್ಡವ್ವ ಒಲೆ ಮುಂದಿನಿಂದ ಓಡೋಡಿ ಬಂದು ಬಡಿಸಬೇಕು. ಗಂಡಸರು, ಮಕ್ಕಳು, ಆಳುಗಳು ಎಲ್ಲ ಉಂಡೆದ್ದ ಮೇಲೆ ಅವರ ಊಟ. ನಮ್ಮ ಶೀಳನೆರೆ ಕಡೆ ಆಗ ಎಲ್ಲರ ಮನೆಯಲ್ಲೂ ಅದೇ ಕ್ರಮ. ಅದೊಂದು ವಿಷಯ ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ.

ತೊಂಬತ್ತರ ದಶಕದ ಮಾತು. ಊರಿನ ಹಾಲಿನ ಡೇರಿಗೆ ಅಧ್ಯಕ್ಷರಾಗಿದ್ದ ದೊಡ್ಡಪ್ಪನಿಗೆ ಹಸು ಸಾಕಣೆ ನೋಡಿಬರಲು ಒಂದು ತಂಡದ ಜೊತೆ ಇಟಲಿಗೆ ಹೋಗುವ ಯೋಗ ಬಂತು. ಡೇರಿ ನೌಕರನಾಗಿ ಚೂರುಪಾರು ಇಂಗ್ಲಿಷ್ ಬಲ್ಲ ನಾನೂ ಜೊತೆಗೆ ಹೊರಟೆ. ಅಲ್ಲಿ ಒಂದು ಸಂಜೆ ತಂಡದವರೆಲ್ಲ ಪೇಟೆ ಸುತ್ತಲು ಹೋದರು. "ನನ್ ಕೈಲಾಗಕ್ಕಿಲ್ಲ. ಎಲ್ಲಾರ ಬಿಸಿ ಕೂಳು ಸಿಕ್ತದಾ ನೋಡ್ಲಾ" ಎಂದು ದೊಡ್ಡಪ್ಪ ನನ್ನನ್ನು ಎಳೆದುಕೊಂಡು ಹೊರಟರು.

ಲಾಡ್ಜಿನ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಹೋಟೆಲು. ನಾಲ್ಕಾರು ಮೇಜು, ಗಲಾಟೆಯಿಲ್ಲ. ವಯಸ್ಸಾದ ಗಂಡ ಹೆಂಡತಿ ಇಬ್ಬರೇ ನಡೆಸುತ್ತಿದ್ದರು. ಮೆನು ಓದಲು ಬರದೆ, ಪಕ್ಕದ ಮೇಜಿನವರು ತಿನ್ನುತ್ತಿದ್ದುದನ್ನೇ ಕೈ ಮಾಡಿ ತೋರಿಸಿದೆ. ತಟ್ಟೆ ಬಂತು. ನೋಡಿದರೆ, ಮುಸುಕಿನ ಜೋಳದ ಹಿಟ್ಟಿನ ಹಳದಿ ಮುದ್ದೆ, ಮೇಲೆ ಮಾಂಸದ ಗೊಜ್ಜು! ದೊಡ್ಡಪ್ಪ ಚಮಚ ಅತ್ತ ತಳ್ಳಿ, ನಿಂಬೆಗಾತ್ರ ಮುರಿದು, ಗೊಜ್ಜಿಗೆ ಅದ್ದಿ, ಅಗಿಯದೆ ಗುಳುಂ ಅನ್ನಿಸಿದರು. ಮತ್ತೊಂದು ತುತ್ತು, ಅದೂ ಗುಳುಂ. ಅಡುಗೆಮನೆಯಿಂದ ನೋಡುತ್ತಿದ್ದ ಮುದುಕಿ ಗಂಟಲಿಗೆ ಸಿಕ್ಕಿಕೊಂಡಿತೆಂದು ಕೂಗಿಕೊಂಡು ಬಂದು ಬೆನ್ನಿಗೆ ಗುದ್ದತೊಡಗಿದಳು. "ಅಯ್ ಬುಡವ್ವ, ನಾವ್ ಉಣ್ಣೋದೇ ಇಂಗೆ!" ಎಂದು ದೊಡ್ಡಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಕೆಗೆ ಕೈಸನ್ನೆಯಲ್ಲಿ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕೋಸಾಕಾಯಿತು.

ಉಳಿದ ಗಿರಾಕಿಗಳು ಹೋದರು. ಆಗ ಯಜಮಾನ ಮೂಲೆಯ ಮೇಜಿಗೆ ಎರಡು ತಟ್ಟೆ ತಂದ. ಕುರ್ಚಿ ಎಳೆದು ಹೆಂಡತಿಯನ್ನು ಕೂರಿಸಿ, ಹಬೆಯಾಡುವ ಊಟ ಮೊದಲು ಆಕೆಗೆ ಬಡಿಸಿ, ಎದುರಿಗೆ ತಾನೂ ಕೂತ. ದೊಡ್ಡಪ್ಪನ ನಗು ನಿಂತಿತು. ಎಂಜಲು ಕೈ ಒಣಗುತ್ತಿದ್ದರೂ ಅತ್ತಲೇ ನೋಡುತ್ತಿದ್ದರು.

"ನಿಮ್ ದೊಡ್ಡವ್ವ ಬಿಸಿ ಮುದ್ದೆ ಉಂಡಿದ್ನ ನಾ ಕಂಡೇ ಇಲ್ಲ ಕಣ್ಲಾ" ಅಂದರು.

ಊರಿಗೆ ಬಂದ ದಿನವೇ, ಮುದ್ದೆ ತಂದ ದೊಡ್ಡವ್ವನಿಗೆ ಪಕ್ಕದ ಮಣೆ ತೋರಿಸಿ, "ಬಾಮ್ಮಿ, ನೀನೂ ಕೂತ್ಕೊ. ನಾನ್ ಬಡಿಸ್ತೀನಿ" ಅಂದರು.

ದೊಡ್ಡವ್ವನಿಗೆ ಗಾಬರಿ. "ಸೊಸೇರ ಮುಂದೆ ಇದೇನ್ ಆಟ? ನಗಾಡ್ತಾರೆ, ಸುಮ್ಕೆ ಉಣ್ಣಿ."

ದೊಡ್ಡಪ್ಪ ಬಿಡಲಿಲ್ಲ, ದಿನಾ ಕರೆದರು. ನೀನು ಉಣ್ಣದೆ ನಾನು ಮುಟ್ಟಲ್ಲ ಎಂದು ಇವರ ಹಟ. ನೀವು ಉಣ್ಣದೆ ನನಗೆ ಗಂಟಲಲ್ಲಿ ಇಳಿಯಲ್ಲ ಎಂದು ಅವರು. ಇಬ್ಬರ ಜಗಳದಲ್ಲಿ ಮುದ್ದೆ ಆರಿಹೋಗುತ್ತಿತ್ತು. ಕೊನೆಗೆ ಸೋಲುತ್ತಿದ್ದವರು ದೊಡ್ಡಪ್ಪನೇ. "ಇಷ್ಟು ವರ್ಷ ಅಂಗೆ ನಡೆಸ್ಕೊಂಡು ಈಗ ಮರ್ತುಬುಡು ಅಂದ್ರೆ ಅವ್ಳು ಎಂಗೆ ಮರೀತಾಳೆ? ತಪ್ಪು ನಂದೇ" ಎಂದು ಜಗಲಿಯಲ್ಲಿ ನನ್ನೆದುರು ಹಲುಬುವರು. "ಆದ್ರೂ ಒಪ್ಪಿಸ್ತೀನಿ, ನೋಡ್ತಿರು."

ಒಪ್ಪಿಸಲು ಆಗಲಿಲ್ಲ. ದೊಡ್ಡವ್ವ ಒಂದು ಜ್ವರಕ್ಕೆ ಹೋಗಿಬಿಟ್ಟರು.

ತಿಥಿಯ ದಿನ ನಡುಮನೆಯಲ್ಲಿ ಎಡೆ ಇಟ್ಟೆವು. ಹೋದವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವುದು, ಆಮೇಲೆ ಮನೆಯವರ ಊಟ. ದೊಡ್ಡಪ್ಪ ತಾವೇ ಒಲೆಯಿಂದ ಬಿಸಿ ಮುದ್ದೆ ತಂದು ಎಲೆಗಿಟ್ಟು, ಹೆಬ್ಬೆರಳಲ್ಲಿ ಕುಳಿ ಮಾಡಿ ಸಾರು ಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಯಾರೋ ಬಾಗಿಲಿಗೆ ಕೈ ಹಾಕಿದಾಗ ಅಡ್ಡ ನಿಂತರು.

"ತೆಗೀಬೇಡ್ರಪ್ಪಾ, ನಿಧಾನಕ್ಕೆ ಉಣ್ಲಿ. ನನಗಿಂತ ಮುಂಚೆ ಅವ್ಳು ಉಣ್ತಿರೋದು ಇವತ್ತೇ."

ದೊಡ್ಡಪ್ಪನೂ ಹೋಗಿ ಬಹಳ ವರ್ಷವಾಯಿತು. ಪಿತೃಪಕ್ಷದಲ್ಲಿ ಇಬ್ಬರಿಗೂ ಅಕ್ಕಪಕ್ಕದಲ್ಲೇ ಎಲೆ ಹಾಕುತ್ತೇವೆ. ಅಯ್ಯೋ, ಬದುಕಿದ್ದಾಗ ಒಂದೇ ಒಂದು ಸಲ ಇದನ್ನು ಕಂಡಿದ್ದರೆ ನನ್ನ ಹೊಟ್ಟೆಯೂ ತಣ್ಣಗಿರುತ್ತಿತ್ತು. ಮುದ್ದೆ ಮೊದಲು ದೊಡ್ಡವ್ವನ ಎಲೆಗೆ ಬಡಿಸಿ, ಆಮೇಲೆ ದೊಡ್ಡಪ್ಪನ ಎಲೆಗೆ ಬಡಿಸಿ, ನಾನೂ ನನ್ನ ಹೆಂಡತಿಯೂ ಬಾಗಿಲು ಮುಚ್ಚಿಕೊಂಡು ಹೊರಗೆ ಬರುತ್ತೇವೆ.