ಸೋಮವಾರದ ಮೂರು ಡಬ್ಬಿಗಳು

ಭಾನುವಾರ ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದ ಮೇಲೆ ನನ್ನ ವಾರದ ಅಡುಗೆ ಶುರುವಾಗುತ್ತಿತ್ತು. ಮರಾಠಿ ಮಾತಾಡುವ ಊರು ನಮ್ಮದು; ಧನಕವಡಿಯ ನಮ್ಮ ಎರಡು ಕೋಣೆಯ ಮನೆಯಿಂದ ದಿನಾ ಮೂರು ಡಬ್ಬಿ ಹೊರಡಬೇಕು. ಯಜಮಾನರದು ಬೆಳಿಗ್ಗೆ ಆರಕ್ಕೆ, ಕಾರ್ಖಾನೆ ಬಸ್ಸಿಗೆ. ಮಗಳದು ಏಳೂವರೆಗೆ. ಎಂಟೂವರೆಗೆ ನನ್ನದು, ಶಿವಾಜಿನಗರದಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ನಾನು ಟೈಪಿಂಗ್ ಮಾಡುತ್ತೇನೆ. ನಾಲ್ಕನೆಯ ಪಾಲು ಅತ್ತೆಯದು. ಅವರಿಗೆ ಸಕ್ಕರೆ ಕಾಯಿಲೆ, ಗುಳಿಗೆ ನುಂಗಿ ಹತ್ತರ ಹೊತ್ತಿಗೆ ಊಟ ಮಾಡಲೇಬೇಕು. ಅದನ್ನು ಕಟ್ಟೆಯ ಮೇಲೆ ಮುಚ್ಚಿಟ್ಟು ಹೋಗುತ್ತಿದ್ದೆ.

ಇಷ್ಟನ್ನು ಬೆಳಿಗ್ಗೆ ಒಂದು ಗಂಟೆಯಲ್ಲಿ ಮಾಡುವುದು ಆಗದ ಮಾತು. ಹಾಗಾಗಿ ಭಾನುವಾರವೇ ಕಾಳು ಬೇಯಿಸಿ, ಮಸಾಲೆ ರುಬ್ಬಿ, ಸೊಪ್ಪು ಸೋಸಿ, ಬೆಂಡೆಕಾಯಿ ಹೆಚ್ಚಿ, ಎಲ್ಲವನ್ನೂ ಡಬ್ಬಗಳಲ್ಲಿ ತುಂಬಿ ಫ್ರಿಜ್ಜಿನಲ್ಲಿಡುತ್ತಿದ್ದೆ. ಅತ್ತೆಗೆ ಇದು ಸುತರಾಂ ಹಿಡಿಸುತ್ತಿರಲಿಲ್ಲ. ಬಿಜಾಪುರದ ಕಡೆಯಿಂದ ಅವರು ನಮ್ಮಲ್ಲಿಗೆ ಬಂದು ಆಗ ಎಂಟು ತಿಂಗಳಾಗಿತ್ತು. ಒಮ್ಮೆ ಮಾತ್ರ ಫ್ರಿಜ್ಜಿನ ಕಡೆ ನೋಡಿ ಬಾಯಿಬಿಟ್ಟು, “ಪೆಟಗ್ಯಾಗ ಇಟ್ರ ತಂಗಳ ತಾಜಾ ಆಗ್ತದೇನ?” ಎಂದಿದ್ದರು. ನಾನು ಪಾತ್ರೆ ಕುಕ್ಕಿದ್ದೆ. ಆಮೇಲೆ ಅವರು ಅಡುಗೆಮನೆಯ ಮಾತನ್ನೇ ಬಿಟ್ಟರು. ಆ ಮೌನ ನನಗೆ ಬೈಗುಳಕ್ಕಿಂತ ಜಾಸ್ತಿ ಚುಚ್ಚುತ್ತಿತ್ತು.

ಅದು ಏಪ್ರಿಲ್. ಸೆಕೆಗೆ ಗೋಡೆ ಮುಟ್ಟಿದರೂ ಬಿಸಿ. ಆ ಭಾನುವಾರ ನನಗೆ ಜೋರು ನೆಗಡಿ. ಮೊಳಕೆ ಬಂದ ಮಡಕಿ ಕಾಳು ಬೇಯಿಸಿ, ಹಸಿ ಕೊಬ್ಬರಿ, ಉಳ್ಳಾಗಡ್ಡಿ ಹುರಿದು ರುಬ್ಬಿದ ಮಸಾಲೆ ಕೂಡಿಸಿ ಪಲ್ಯ ಮುಗಿಸಿಯೇ ಇಟ್ಟೆ. ಸೋಮವಾರ ಬೆಳಿಗ್ಗೆ ಅದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಬಿಸಿ ಮಾಡಿ, ಚಪಾತಿಯ ಜೊತೆ ನಾಲ್ಕು ಪಾಲು ಮಾಡಿದೆ. ಮೂಗು ಕಟ್ಟಿತ್ತು. ಯಾವ ವಾಸನೆಯೂ ಬರಲಿಲ್ಲ.

ಕಚೇರಿಯಲ್ಲಿ ಹತ್ತೂ ಕಾಲಿಗೆ ಫೋನ್ ಬಂತು. ಅತ್ತೆ ತಾವಾಗಿ ನನಗೆ ಫೋನ್ ಮಾಡಿದ್ದು ಅದೇ ಮೊದಲು.

“ಯವ್ವಾ, ಮಡಕಿ ಕಾಳು ಕೆಟ್ಟಾವ. ಮುಚ್ಚಳ ತಗದ್ರ ಗಬ್ಬಂತ ನಾತ ಬಂತು. ಮ್ಯಾಲ ನೊರಿ ಬಂದದ.”

“ಮುಂಜಾನೆ ಕುದಿಸೀನಲ್ರಿ ಅತ್ತೀ?”

“ಕುದಿಸಿದ್ರೇನಾತು? ರಾತ್ರಿಯೆಲ್ಲಾ ಫ್ರಿಜ್ ಬಂದ್ ಇತ್ತು. ನಾ ನಾಕೂವರಿಗೆ ಎದ್ದಾಗ ಪ್ಲಗ್ ಹೊರಗ ಬಿದ್ದಿತ್ತು. ನಾನ ಹಾಕಿದೆ.”

ಖಾಲಿ ಕೋಣೆಯ ಫ್ಯಾನು, ದೀಪಗಳನ್ನು ಹುಡುಕಿ ಹುಡುಕಿ ಆರಿಸುವ ಅಭ್ಯಾಸ ಅತ್ತೆಯದು. ನಾನು ತಡೆಯಲಿಲ್ಲ. “ಕರೆಂಟ್ ಉಳಸಾಕಂತ ನೀವ ತಗದಿರ್ತೀರಿ! ಮುಂಜಾನೆ ಒಂದ್ ಮಾತು ಹೇಳಾಕ ಏನಾಗಿತ್ತು?” ಎಂದು ಕೂಗಿದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಅತ್ತೆ, “ಬೈಯೂದು ಆಮ್ಯಾಲ ಬೈಯುವಂತಿ. ಮದಲ ಕೂಸಿನ ಡಬ್ಬಿ ತಡಿ,” ಎಂದು ಫೋನಿಟ್ಟರು.

ಯಜಮಾನರ ಊಟ ಹನ್ನೊಂದಕ್ಕೆ. ಮಗಳದು ಹನ್ನೊಂದೂವರೆಗೆ. ಕಾರ್ಖಾನೆಯೊಳಗೆ ಮೊಬೈಲ್ ಬಿಡುವುದಿಲ್ಲ. ಗೇಟಿನ ನಂಬರಿಗೆ ಮಾಡಿದೆ. ಕಾವಲಿನವನು, “ಥಾಂಬಾ ತಾಈ, ಗಾಡೀ ಆಲೀಯ,” ಎಂದು ಕಾಯಲು ಹೇಳಿ, ಫೋನ್ ಮೇಜಿನ ಮೇಲಿಟ್ಟು ಬಂದ ಟ್ರಕ್ಕಿನ ಕಡೆ ಹೋದ. ಟ್ರಕ್ಕಿನ ಹಾರ್ನ್, ಯಾರೋ ನಗುವುದು, ಎಲ್ಲ ಕೇಳುತ್ತಿತ್ತು. ನಾಲ್ಕು ನಿಮಿಷ ಕಾದೆ. ಅವನು ಬಂದ ಮೇಲೆ ಮರಾಠಿಯಲ್ಲಿ ಎಲ್ಲ ಹೇಳಿ, ಡಬ್ಬಿ ತೆರೆಯಬೇಡಿ ಎಂದು ಯಜಮಾನರಿಗೆ ತಿಳಿಸಲು ಬೇಡಿಕೊಂಡೆ. ಸುದ್ದಿ ಮುಟ್ಟಿಸುತ್ತೇನೆ ಎಂದ. ಅವನ ದನಿಯಲ್ಲಿ ಅವಸರವೇ ಇರಲಿಲ್ಲ.

ಶಾಲೆಯ ನಂಬರು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದರೆ ಎಂಗೇಜು. ವಕೀಲರಿಗೆ ಅರ್ಧ ಮಾತು ಹೇಳಿ, ಕೆಳಗಿಳಿದು ರಿಕ್ಷಾ ಹತ್ತಿದೆ. ಕೂತ ಮೇಲೆ ಹೊಳೆಯಿತು: ಅತ್ತೆ ತಿಂದಿದ್ದಾರೋ ಇಲ್ಲವೋ ನಾನು ಕೇಳಲೇ ಇಲ್ಲ. ಕೆಟ್ಟಿದೆ ಎಂದು ಗೊತ್ತಾಗಿದ್ದು ಎರಡು ತುತ್ತು ಉಂಡ ಮೇಲೆಯೋ ಏನೋ. ಗುಳಿಗೆ ನುಂಗಿ ಖಾಲಿ ಹೊಟ್ಟೆಯಲ್ಲಿದ್ದರೂ ಅಪಾಯವೇ. ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಸ್ವಾರಗೇಟಿನ ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತುಬಿಟ್ಟಿತು. ಅಲ್ಲಿಂದ ಮತ್ತೆ ಮೂರು ಸಲ ಮಾಡಿದೆ. ಎತ್ತಲಿಲ್ಲ. ಅಡುಗೆಮನೆಯ ನೆಲದ ಮೇಲೆ ಅವರು ಬಿದ್ದಿರುವಂತೆ ಕಣ್ಣಿಗೆ ಕಟ್ಟಿ, ರಿಕ್ಷಾದವನಿಗೆ ಸುಮ್ಮಸುಮ್ಮನೆ “ಲವಕರ್, ಲವಕರ್” ಎಂದು ಅವಸರ ಮಾಡುತ್ತಿದ್ದೆ.

ಧನಕವಡಿಯ ತಿರುವಿಗೆ ಬಂದಾಗ ಹನ್ನೊಂದು ಇಪ್ಪತ್ತೈದು. ಎಡಕ್ಕೆ ಹೋದರೆ ಮನೆ, ನೇರ ಹೋದರೆ ಶಾಲೆ. ಎರಡು ಕಡೆಯಿಂದಲೂ ಯಾರೋ ನನ್ನ ಸೆರಗು ಹಿಡಿದು ಎಳೆದಂತಾಯಿತು. ಶಾಲೆ ಎಂದೆ. ಅಂದ ಮೇಲೆ ಅಳು ಬಂತು.

ಶಾಲೆಯ ಗೇಟಿನ ಮುಂದೆ, ಬಿಸಿಲಲ್ಲಿ, ತಲೆ ತುಂಬ ಸೆರಗು ಹೊದ್ದು ಅತ್ತೆ ನೆಲಕ್ಕೆ ಕೂತಿದ್ದರು. ತೊಡೆಯ ಮೇಲೆ ಮಗಳ ಡಬ್ಬಿ.

ಎಂಟು ತಿಂಗಳಲ್ಲಿ ಅವರು ಹಾಲಿನ ಅಂಗಡಿ ದಾಟಿ ಒಬ್ಬರೇ ಹೋದವರಲ್ಲ. ಮೊಣಕಾಲು ನೋವು ಬೇರೆ. ಬರುವ ಗಡಿಬಿಡಿಯಲ್ಲಿ ಫೋನ್ ಮನೆಯಲ್ಲೇ ಬಿಟ್ಟಿದ್ದರು. ಗೇಟಿನ ಹೆಂಗಸು ಒಳಗೆ ಬಿಟ್ಟಿರಲಿಲ್ಲ. ಯಾವ ತರಗತಿ, ಯಾವ ವಿಭಾಗ ಎಂದು ಕೇಳಿದ್ದಕ್ಕೆ ಅತ್ತೆಗೆ ಉತ್ತರ ಗೊತ್ತಿಲ್ಲ. ತಮಗೆ ಬರುತ್ತಿದ್ದ ಮರಾಠಿಯೆಲ್ಲ ಸೇರಿಸಿ, “ಡಬಾ ನಕೋ, ಡಬಾ ಖರಾಬ” ಎಂದು ಬೇಡವೆಂಬಂತೆ ಕೈಯಾಡಿಸಿ, ಮೊಮ್ಮಗಳ ಹೆಸರು ಹೇಳುತ್ತ, ಕದಲುವುದಿಲ್ಲ ಎಂದು ಕೂತುಬಿಟ್ಟಿದ್ದರು. ಕೊನೆಗೆ ಆ ಹೆಂಗಸೇ ಒಳಗೆ ಹೋಗಿ ವರ್ಗ ವರ್ಗ ಕೇಳಿ ಡಬ್ಬಿ ತಂದುಕೊಟ್ಟಳಂತೆ. ಅತ್ತೆ ಸೆರಗಿನಲ್ಲಿ ಕಟ್ಟಿ ತಂದಿದ್ದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಗಳಿಗೆ ಮುಟ್ಟಿತ್ತು.

“ನೀವು ಉಂಡ್ರೇನ್ರಿ?” ಎಂದೆ.

“ಎಲ್ಲಿ ಉಣ್ಲಿ? ಅರ್ಧ ರೊಟ್ಟಿ ತಿಂದ ಬಂದೀನಿ. ನನ್ನ ಮಗಗ ಹೇಳಿದೇನ?”

ಹೇಳಿದ್ದು ಹೊತ್ತಿಗೆ ಮುಟ್ಟಿರಲಿಲ್ಲ ಎಂದು ಆಮೇಲೆ ತಿಳಿಯಿತು. ಯಜಮಾನರ ಊಟ ಮುಗಿದ ಮೇಲೆ ಸುದ್ದಿ ಹೋಗಿತ್ತು. ಯಜಮಾನರ ಜೊತೆ ದಿನಾ ಹಂಚಿಕೊಂಡು ಉಣ್ಣುವ ಗೆಳೆಯರೊಬ್ಬರದು ಆ ದಿನ ಸೋಮವಾರದ ಉಪವಾಸ, ಆ ಗೆಳೆಯರು ಪಾರಾದರು. ಇವರು ಮಾತ್ರ, ಹುಳಿ ಅನಿಸಿದರೂ ಟೊಮೆಟೊ ಇರಬೇಕೆಂದು ಪೂರ್ತಿ ಖಾಲಿ ಮಾಡಿದ್ದರು. ಮೂರು ಗಂಟೆಗೆ ವಾಂತಿ ಶುರುವಾಗಿ, ಕಾರ್ಖಾನೆಯ ಗಾಡಿಯಲ್ಲೇ ಮನೆಗೆ ಕಳಿಸಿದರು. ಬಾಗಿಲಲ್ಲಿ ಇಳಿದಾಗ ತುಟಿ ಬೆಳ್ಳಗಾಗಿತ್ತು. ಹತ್ತಿರದ ಡಾಕ್ಟರು ಸಲೈನ್ ಹಚ್ಚಿದರು. ಮಂಚದ ಒಂದು ಬದಿ ನಾನು, ಇನ್ನೊಂದು ಬದಿ ಅತ್ತೆ. ನಾವಿಬ್ಬರೂ ಪರಸ್ಪರ ಮುಖ ನೋಡಲಿಲ್ಲ.

ಸಂಜೆ ಇವರಿಗೆ ಗಂಜಿ ಮಾಡಲೆಂದು ಹುರಿದ ಅಕ್ಕಿಯನ್ನು ಮಿಕ್ಸರಿಗೆ ಹಾಕಿದೆ. ನಮ್ಮ ಅಡುಗೆಮನೆಯಲ್ಲಿ ಇರುವುದು ಒಂದೇ ಪ್ಲಗ್ಗಿನ ಜಾಗ. ಫ್ರಿಜ್ಜಿನ ಪ್ಲಗ್ ಕಿತ್ತು ಮಿಕ್ಸರಿನದನ್ನು ಚುಚ್ಚುವಾಗ ಕೈ ಅಲ್ಲೇ ನಿಂತಿತು. ಭಾನುವಾರ ಮಸಾಲೆ ರುಬ್ಬಲು ಇದೇ ಕೈಯಿಂದ ಇದನ್ನೇ ಕಿತ್ತಿದ್ದೆ. ಮತ್ತೆ ಹಾಕಿದ ನೆನಪು ಎಷ್ಟು ಹುಡುಕಿದರೂ ಸಿಗಲಿಲ್ಲ.

ಗಂಜಿ ಕುದಿಯಲು ಇಟ್ಟು ಹೊರಗೆ ಬಂದೆ. ಅತ್ತೆ ಹೊಸ್ತಿಲ ಬಳಿ ಕಾಲು ಚಾಚಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

“ಅತ್ತೀ, ಪ್ಲಗ್ ತಗದಾಕಿ ನಾನರೀ. ಮಿಕ್ಸರ್ ಹಚ್ಚಾಕ.”

“ಗೊತ್ತದ.”

“ಮತ್ತ ಫೋನಿನ್ಯಾಗ ಯಾಕ ಅನ್ನಲಿಲ್ರಿ? ಮುಂಜಾನೆನ ಯಾಕ ಹೇಳಲಿಲ್ಲ?”

ಅವರು ಎಣ್ಣೆಯ ಬಟ್ಟಲು ಸರಿಸಿದರು. “ಹೇಳಿದ್ರ ನನ್ನ ಮ್ಯಾಲನ ಹಾಕ್ತಿ ಅಂತ ಅಂಜಿದೆ. ಅಂಜಿ ಸುಮ್ಮಾದೆ. ನನ್ನ ಮಗಗ ಹಿಂಗಾತು.”

ನನ್ನ ಮನೆಯಲ್ಲಿ, ನನಗೆ, ಒಬ್ಬರು ಅಂಜಿ ಬದುಕುತ್ತಿದ್ದರು ಎಂಬುದು ನನಗೆ ತಿಳಿದೇ ಇರಲಿಲ್ಲ. ತಪ್ಪಾಯಿತು ಎಂದೆ. ಗಂಜಿ ಉಕ್ಕುತ್ತದೆ, ಹೋಗಿ ನೋಡು ಎಂದರು ಅವರು.

ಯಜಮಾನರು ಬುಧವಾರ ಎದ್ದು ಓಡಾಡಿದರು. ಆ ಎರಡು ದಿನ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅತ್ತೆಯೇ ಪಲ್ಯ ಮಾಡಿದರು, ನಾನು ಚಪಾತಿ ಲಟ್ಟಿಸಿದೆ. ಆಮೇಲೆ ಅದೇ ಪದ್ಧತಿಯಾಯಿತು. ಭಾನುವಾರ ಈಗ ಕಾಳು ನೆನೆಸಿ, ಸೊಪ್ಪು ಸೋಸಿಡುವುದಷ್ಟೇ, ಬೇಯಿಸಿಡುವುದಿಲ್ಲ. ಜಗಳ ಇಲ್ಲವೆಂದಲ್ಲ. ಅವರು ಖಾರ ಜಾಸ್ತಿ ಹಾಕುತ್ತಾರೆ, ನಾನು ಅದನ್ನು ಹೇಳುತ್ತೇನೆ, ಅವರೂ ತಿರುಗಿ ಹೇಳುತ್ತಾರೆ. ಈಗ ಬಾಯಿಬಿಟ್ಟೇ ಹೇಳುತ್ತಾರೆ.

ಆ ಸೋಮವಾರ ಕಳೆದು ಬಂದ ಭಾನುವಾರ ಇಬ್ಬರೂ ಮೆಂತ್ಯ ಸೋಸುತ್ತ ಕೂತಿದ್ದಾಗ ಅತ್ತೆ, “ಕೂಸಿಂದು ಎಷ್ಟನೇದ್ದು, ಯಾವ ವರ್ಗ? ಮರಾಠಿಯೊಳಗ ಹೆಂಗನ್ನೂದು, ಹೇಳಿಕೊಡು,” ಎಂದರು.

“ನಾಕನೇದ್ದು, ಬ ವಿಭಾಗರೀ. ‘ಚೌಥೀ, ಬ ತುಕಡೀ’ ಅನ್ರಿ.”

ಸೊಪ್ಪು ಬಿಡಿಸುತ್ತಲೇ ಅವರು ಅದನ್ನು ಐದಾರು ಸಲ ಅಂದರು. ಎರಡು ಸಲ ತಪ್ಪಿತು. ಮಗಳು ನಕ್ಕು ತಿದ್ದಿದಳು.