ಕಿವಿಯ ಹಿಂದಿನ ಚಂದಿರ

ದರ್ಜಿಯಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದವಳನ್ನು ಬೀದಿಯವರೆಲ್ಲ ಗುಂಡಿಯಮ್ಮ ಎನ್ನುತ್ತಿದ್ದರು. ಗಂಡ ತೀರಿಕೊಂಡಿದ್ದ. ಇದ್ದವಳು ಒಬ್ಬಳೇ ಮಗಳು. ಅವಳಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಹಾಗಂತ ಆ ಮನೆಯಲ್ಲಿ ಮಾತಿಗೇನೂ ಬರವಿರಲಿಲ್ಲ. ತಾಯಿ ಮಗಳು ಸೇರಿ ಕೈಯಲ್ಲೇ ಒಂದು ಭಾಷೆ ಕಟ್ಟಿಕೊಂಡಿದ್ದರು.

ಅದರಲ್ಲಿ ಮೊದಲು ಹುಟ್ಟಿದ ಮಾತು ಚಂದಿರ. ಇನ್ನೂ ತೊಡೆಯ ಮೇಲೆ ಕೂರುವ ವಯಸ್ಸಿನಲ್ಲಿ ಮಗಳು ಕಿಟಕಿಯಾಚೆ ಚಂದಿರನನ್ನು ಕಂಡು, ಅಮ್ಮನ ಡಬ್ಬಿಯಿಂದ ಬಿಳಿ ಗುಂಡಿಯೊಂದನ್ನು ಎತ್ತಿ ಹಣೆಗೆ ಹಿಡಿದಿದ್ದಳು. ಆಮೇಲೆ ಗುಂಡಿ ಬೇಕಾಗಲಿಲ್ಲ, ಹೆಬ್ಬೆರಳು ತೋರುಬೆರಳು ಕೂಡಿಸಿದರೆ ಸಾಕಾಯಿತು. ಹಣೆಯ ಮೇಲಿಟ್ಟರೆ ಈಗ ಕಾಣುತ್ತಿರುವ ಚಂದಿರ. ಎದೆಯ ಮುಂದೆ ಹಿಡಿದರೆ ಇನ್ನು ಬರಬೇಕಾದವನು. ಕಿವಿಯ ಹಿಂದೆ ಹಿಡಿದರೆ ಮುಳುಗಿ ಹೋದವನು. ಬರಬರುತ್ತ ಎಲ್ಲ ಮಾತಿಗೂ ಅದೇ ಕಟ್ಟಳೆಯಾಯಿತು. ತೀರಿಹೋದ ಅಪ್ಪನ ಮೀಸೆಯನ್ನೂ ಮಗಳು ಕಿವಿಯ ಹಿಂದೆಯೇ ತಿರುವುತ್ತಿದ್ದಳು.

ಮಗಳನ್ನು ದೂರದ ಕಿವುಡು ಮಕ್ಕಳ ವಸತಿ ಶಾಲೆಗೆ ಸೇರಿಸಿದ ಮೇಲೆ ಇಸ್ತ್ರಿ ಅಂಗಡಿಯ ಅಕ್ಕ ತಲೆಗೆ ಹುಳ ಬಿಟ್ಟಳು.

"ಅಲ್ಲಿ ಬೇರೆ ಸನ್ನೆ ಕಲಿಸ್ತಾರಂತೆ ಕಣೇ. ನಿನ್ನ ಗುಂಡಿ ಭಾಷೆ ಇನ್ಯಾರಿಗೆ ಬೇಕು? ಅವಳು ವಾಪಸ್ ಬಂದಾಗ ನೀನೇ ಮೂಕಿ."

"ಆಗ್ಲಿ ಬಿಡಕ್ಕ. ನಮ್ಮಿಬ್ರ ಪಾಲಿಂದೂ ನೀನೇ ಮಾತಾಡ್ತೀಯಲ್ಲ."

ಹಾಗೆಂದು ನಕ್ಕಳೇನೋ ನಿಜ. ಆದರೆ ಆ ಮಾತು ಎದೆಯಲ್ಲಿ ಕೂತುಬಿಟ್ಟಿತು.

ರಜೆಗೆ ಮಗಳು ಗೆಳತಿಯೊಬ್ಬಳನ್ನು ಜೊತೆಗೆ ಕರೆತಂದಳು. ಅವಳಿಗೂ ಕಿವಿ ಕೇಳದು. ಊಟಕ್ಕೆ ಕೂತರೂ ಇಬ್ಬರ ಕೈಗಳಿಗೆ ಬಿಡುವಿಲ್ಲ. ಎಲ್ಲ ಶಾಲೆಯ ಸನ್ನೆಗಳೇ. ಗುಂಡಿಯಮ್ಮನಿಗೆ ತಲೆಬುಡ ತಿಳಿಯಲಿಲ್ಲ. ತಟ್ಟೆ ತೊಳೆಯುವ ನೆಪ ಮಾಡಿ ಎದ್ದು ಹೋಗಿ, ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತ ನಿಂತಳು.

ಯಾರೋ ತೋಳು ಜಗ್ಗಿದರು. ನೋಡಿದರೆ ಆ ಗೆಳತಿ. ಕಿಟಕಿಯತ್ತ ತೋರಿಸಿ, ಎರಡು ಬೆರಳು ಕೂಡಿಸಿ, ಕಿವಿಯ ಹಿಂದೆ ಹಿಡಿದಳು.

ಗುಂಡಿಯಮ್ಮ ಬೆರಗಾಗಿ ಮಗಳತ್ತ ತಿರುಗಿದಳು. ಬಾಗಿಲಲ್ಲಿ ನಿಂತಿದ್ದ ಮಗಳು ಮನೆಯ ಭಾಷೆಯಲ್ಲೇ ಹೇಳಿದಳು: ಹಾಸಿಗೆ, ಪಕ್ಕದಲ್ಲಿ ಹಾಸಿಗೆ, ಅದರ ಪಕ್ಕದಲ್ಲೂ ಹಾಸಿಗೆ, ಅಲ್ಲಿ ಮಲಗುವ ಎಲ್ಲರಿಗೂ ನಾನು ಕಲಿಸಿದ್ದೇನೆ.

ಹೊರಗೆ ಚಂದಿರ ಆಗತಾನೇ ಎದುರು ಮನೆಯ ತಾರಸಿ ಬಿಟ್ಟು ಮೇಲೆದ್ದಿದ್ದ. ಗುಂಡಿಯಮ್ಮ ಒದ್ದೆ ಕೈ ಒರೆಸಿಕೊಂಡಳು. ಕಣ್ಣು ತುಂಬಿದ್ದರೂ ತಪ್ಪನ್ನು ತಪ್ಪೆಂದೇ ತಿದ್ದಬೇಕಲ್ಲ. ಹುಡುಗಿಯ ಕೈಯನ್ನು ಕಿವಿಯ ಹಿಂದಿನಿಂದ ಮೆಲ್ಲಗೆ ತಂದು ಹಣೆಯ ಮೇಲಿಟ್ಟಳು.